ರೆಜಿಸ್ಟ್ರಿ ಕ್ಲೀನ್ ಮಾಡಿದರೆ ಕಂಪ್ಯೂಟರ್ ವೇಗವಾಗುತ್ತದೆಯೇ? ಮಾಡಲೇಬೇಕಾದರೆ ಸುರಕ್ಷಿತವಾಗಿ ಮಾಡುವುದು ಹೇಗೆ?

"ಸಿಸ್ಟಂ ಸ್ಲೋ ಆಗಿದ್ಯಾ? ರೆಜಿಸ್ಟ್ರಿ ಕ್ಲೀನ್ ಮಾಡಿ, ಫಾಸ್ಟ್ ಆಗತ್ತೆ." ವಿಂಡೋಸ್ ಕಂಪ್ಯೂಟರ್ ಇಟ್ಟುಕೊಂಡಿರುವ ಯಾರೂ ಈ ಸಲಹೆಯಿಂದ ತಪ್ಪಿಸಿಕೊಂಡಿರಲಾರರು. ಕಚೇರಿಯ ಸಹೋದ್ಯೋಗಿ ಹೇಳುತ್ತಾರೆ, ಎಂಜಿನಿಯರಿಂಗ್ ಓದುವ ಪಕ್ಕದ ಮನೆಯ ಹುಡುಗ ಹೇಳುತ್ತಾನೆ, ಯೂಟ್ಯೂಬ್ ಹೇಳುತ್ತದೆ. ಇದರಲ್ಲಿ ಎಷ್ಟು ನಿಜ, ಎಷ್ಟು ನಂಬಿಕೆ ಎಂದು ನೋಡುವ ಮೊದಲು ನಾವು ಕಂಡ ಒಂದು ಪ್ರಸಂಗ ಹೇಳಿಬಿಡುತ್ತೇವೆ.

ಬಸವೇಶ್ವರನಗರದಲ್ಲಿ ನಾವು ಪ್ರಿಂಟ್‌ಔಟ್‌ಗೆ ಹೋಗುವ ಒಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಾಡಿಗೆ ಕರಾರು, ಶ್ರದ್ಧಾಂಜಲಿ ಬ್ಯಾನರು ಎಲ್ಲವೂ ಅಲ್ಲಿ ಆಗುತ್ತವೆ. ಒಂದು ಸಂಜೆ ಹೋದಾಗ ಮಾಲೀಕರು ಪರದೆ ನೋಡುತ್ತಾ ಸುಮ್ಮನೆ ಕುಳಿತಿದ್ದರು. "ಕನ್ನಡ ಎಲ್ಲಾ ಹೋಯ್ತು ನೋಡಿ" ಎಂದರು. ಲಗ್ನಪತ್ರಿಕೆಯೊಂದು ತೆರೆದಿತ್ತು. ಗಣಪತಿಯ ಚಿತ್ರ ಇದ್ದಲ್ಲೇ ಇತ್ತು, ಹೂಬಳ್ಳಿಯ ಅಂಚೂ ಇತ್ತು. ವಧು-ವರರ ಹೆಸರಿರಬೇಕಾದ ಕಡೆ ಮಾತ್ರ ರೋಮನ್ ಅಕ್ಷರಗಳಿಗೆ ಕೊಂಬು, ಟೋಪಿ ಇಟ್ಟಂತಹ ಅರ್ಥವಿಲ್ಲದ ಸಾಲು. ಮರುದಿನ ಮಧ್ಯಾಹ್ನದೊಳಗೆ ಅದು ಪ್ರೆಸ್ಸಿಗೆ ಹೋಗಬೇಕಿತ್ತು. ಬೆಳಿಗ್ಗೆ ಏನಾದರೂ ಮಾಡಿದಿರಾ ಎಂದು ಕೇಳಿದೆವು. "ಏನಿಲ್ಲ, ಹ್ಯಾಂಗ್ ಆಗ್ತಿತ್ತು ಅಂತ ರೆಜಿಸ್ಟ್ರಿ ಕ್ಲೀನ್ ಮಾಡ್ದೆ ಅಷ್ಟೇ. ಆರ್ನೂರು ಚಿಲ್ಲರೆ ಎರರ್ ಇತ್ತು, ಎಲ್ಲಾ ಫಿಕ್ಸ್ ಆಯ್ತು."

ತಡವಾಗಿತ್ತು. ನಾಳೆ ಬಂದು ನೋಡುತ್ತೇವೆ ಎಂದು ಹೇಳಿ ಬಂದೆವು. ಅದು ನಮ್ಮ ತಪ್ಪು. ಆ ರಾತ್ರಿಯೇ ಯಾರನ್ನೋ ಕರೆಸಿದ್ದಾರೆ, ಬಂದವರು ವೈರಸ್ ಎಂದಿದ್ದಾರೆ, ಕಂಪ್ಯೂಟರ್ ಫಾರ್ಮ್ಯಾಟ್ ಆಗಿದೆ. ಕನ್ನಡ ವಾಪಸ್ ಬಂತು. ಆದರೆ ಡೆಸ್ಕ್‌ಟಾಪ್ ಮೇಲಿನ ಫೋಲ್ಡರಿನಲ್ಲಿದ್ದ ಆರು ವರ್ಷದ ವಿನ್ಯಾಸಗಳು ಬರಲಿಲ್ಲ. ಬೇರೆಲ್ಲೂ ಅವುಗಳ ಪ್ರತಿ ಇರಲಿಲ್ಲ. ನಿಜವಾಗಿ ಆಗಿದ್ದು ಹತ್ತು ನಿಮಿಷದಲ್ಲಿ ಸರಿಯಾಗುವ ತೊಂದರೆ. ಅದು ಹೇಗೆ ಎಂದು ತಿಳಿಯಲು ರೆಜಿಸ್ಟ್ರಿ ಎಂದರೇನು ಎಂಬಲ್ಲಿಂದಲೇ ಶುರು ಮಾಡಬೇಕು.

ರೆಜಿಸ್ಟ್ರಿ ಎಂದರೇನು?

ವಿಂಡೋಸ್ ಮತ್ತು ಅದರಲ್ಲಿ ಹಾಕಿಕೊಂಡ ತಂತ್ರಾಂಶಗಳು ತಮ್ಮ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ದೊಡ್ಡ ಖಾತೆ ಪುಸ್ತಕವೇ ರೆಜಿಸ್ಟ್ರಿ. ಯಾವ ಬಗೆಯ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು, ಪ್ರಿಂಟರಿನ ಡ್ರೈವರ್ ಎಲ್ಲಿದೆ, ಕಂಪ್ಯೂಟರ್ ಆನ್ ಆದ ಕೂಡಲೇ ಏನೇನು ಓಡಬೇಕು, ಡೆಸ್ಕ್‌ಟಾಪ್ ಹಿನ್ನೆಲೆಗೆ ಯಾವ ಚಿತ್ರ ಇವೆಲ್ಲ ಅದರಲ್ಲಿವೆ. ನಮ್ಮ ಭಾಷೆಯೂ ಅಲ್ಲೇ ಇದೆ. ವಿಂಡೋಸ್ ಒಳಗೆ ಭಾರತದ ಕನ್ನಡಕ್ಕೆ 1099 ಎಂಬ ಭಾಷಾ ಸಂಖ್ಯೆ ಕೊಡಲಾಗಿದೆ. ಕನ್ನಡ ಕೀಲಿಮಣೆ ವಿನ್ಯಾಸ ರೆಜಿಸ್ಟ್ರಿಯಲ್ಲಿ ದಾಖಲಾಗಿರುವುದು ಇದೇ ಸಂಖ್ಯೆಯ ಹದಿನಾರಂಕಿ ರೂಪದಲ್ಲಿ. ತುಂಗಾ, ನಿರ್ಮಲಾ ಫಾಂಟುಗಳು ಯಾವ ಕಡತದಲ್ಲಿವೆ ಎಂಬುದಕ್ಕೂ ಅಲ್ಲಿ ಒಂದೊಂದು ಸಾಲು ಇದೆ.

ಮೊದಲು ಹೀಗಿರಲಿಲ್ಲ. ಪ್ರತಿ ತಂತ್ರಾಂಶವೂ ತನ್ನದೇ ಆದ ಸಣ್ಣ ಐಎನ್‌ಐ ಕಡತದಲ್ಲಿ ಸೆಟ್ಟಿಂಗ್ ಬರೆದಿಟ್ಟುಕೊಳ್ಳುತ್ತಿತ್ತು. 1992ರಲ್ಲಿ ಬಂದ ವಿಂಡೋಸ್ 3.1ರಲ್ಲಿ ರೆಜಿಸ್ಟ್ರಿ ಬಹಳ ಸಣ್ಣ ರೂಪದಲ್ಲಿ ಕಾಣಿಸಿಕೊಂಡಿತು. ವಿಂಡೋಸ್ ಎನ್‌ಟಿ ಮತ್ತು ವಿಂಡೋಸ್ 95ರ ಹೊತ್ತಿಗೆ ಇಡೀ ವ್ಯವಸ್ಥೆಯ ಬೆನ್ನೆಲುಬಾಯಿತು. ಇಂದಿನ ವಿಂಡೋಸ್ 11ರಲ್ಲೂ ಅದೇ ಇದೆ.

ಪಶ್ಚಿಮ ಬೆಂಗಳೂರಿನವರಿಗೆ ಇದರ ರಚನೆ ಅರ್ಥವಾಗುವುದು ಸುಲಭ. ರಾಜಾಜಿನಗರದ ವಿಳಾಸ ಹೇಗಿರುತ್ತದೆ? ಮೊದಲು ಬಡಾವಣೆ, ಅದರೊಳಗೆ ಬ್ಲಾಕು, ಬ್ಲಾಕಿನೊಳಗೆ ಮೇನ್, ಮೇನಿನಿಂದ ಕ್ರಾಸ್, ಕ್ರಾಸಿನಲ್ಲಿ ಮನೆ ನಂಬರು. ರೆಜಿಸ್ಟ್ರಿಯೂ ಹಾಗೆಯೇ. ಮೇಲೆ ಐದು ದೊಡ್ಡ ಬೇರುಗಳು. ಇಡೀ ಯಂತ್ರಕ್ಕೆ ಸೇರಿದ್ದಕ್ಕೆ ಒಂದು, ಈಗ ಲಾಗಿನ್ ಆಗಿರುವವರಿಗೆ ಸೇರಿದ್ದಕ್ಕೆ ಇನ್ನೊಂದು, ಹೀಗೆ. ಅವುಗಳ ಕೆಳಗೆ ಕವಲು, ಕವಲಿನ ಕೆಳಗೆ ಮತ್ತೆ ಕವಲು. ಈ ಕವಲುಗಳಿಗೆ ಕೀ ಎನ್ನುತ್ತಾರೆ. ತುದಿಯಲ್ಲಿರುವುದು ವ್ಯಾಲ್ಯೂ, ಅಂದರೆ ನಿಜವಾದ ಸೆಟ್ಟಿಂಗ್.

ಕ್ಲೀನ್ ಮಾಡಿದರೆ ವೇಗ ಏಕೆ ಹೆಚ್ಚುವುದಿಲ್ಲ?

ಒಂದು ತಂತ್ರಾಂಶವನ್ನು ತೆಗೆದುಹಾಕಿದಾಗ ಅದು ಬರೆದಿಟ್ಟ ಕೆಲವು ಸಾಲುಗಳು ರೆಜಿಸ್ಟ್ರಿಯಲ್ಲಿ ಉಳಿದುಬಿಡುತ್ತವೆ. ಇದು ನಿಜ. ಈ ಅನಾಥ ಸಾಲುಗಳೇ ಕ್ಲೀನರ್‌ಗಳು ಹುಡುಕುವ 'ಕಸ'. ಪ್ರಶ್ನೆ ಏನೆಂದರೆ, ಅವು ಉಳಿದರೆ ನಷ್ಟವೇನು?

ವಿಜಯನಗರದಲ್ಲಿ ನೂರು ಮನೆಗಳಿಗೆ ಬೀಗ ಬಿದ್ದಿದೆ ಎಂದುಕೊಳ್ಳಿ. ಅದರಿಂದ ಪಕ್ಕದ ಕ್ರಾಸಿನ ಮನೆಗೆ ಪತ್ರ ತಲುಪುವುದು ತಡವಾಗುತ್ತದೆಯೇ? ಅಂಚೆಯವರು ಎಲ್ಲ ಮನೆಗಳ ಬಾಗಿಲು ತಟ್ಟುತ್ತಾ ಬರುವುದಿಲ್ಲ, ವಿಳಾಸ ನೋಡಿ ನೇರ ಬರುತ್ತಾರೆ. ತಂತ್ರಾಂಶಗಳು ರೆಜಿಸ್ಟ್ರಿಯನ್ನು ಓದುವುದೂ ಹಾಗೆಯೇ. ಒಂದು ತಂತ್ರಾಂಶ ತನಗೆ ಬೇಕಾದ ಕೀಯ ಪೂರ್ತಿ ದಾರಿಯನ್ನು ಕೊಟ್ಟು ಕೇಳುತ್ತದೆ, ವಿಂಡೋಸ್ ಕವಲು ಹಿಡಿದು ಅಲ್ಲಿಗೇ ಹೋಗುತ್ತದೆ. ಯಾರೂ ಕೇಳದ ಸಾಲು ತನ್ನ ಪಾಡಿಗೆ ತಾನು ಬಿದ್ದಿರುತ್ತದೆ.

ಗಾತ್ರದ ಲೆಕ್ಕವನ್ನೂ ಹಾಕೋಣ. ಕ್ಲೀನರ್ 600 ಸಾಲು ಅಳಿಸಿತು, ಒಂದೊಂದೂ ಧಾರಾಳವಾಗಿ 500 ಬೈಟ್ ಇತ್ತು ಎಂದಿಟ್ಟುಕೊಳ್ಳಿ. ಒಟ್ಟು 3 ಲಕ್ಷ ಬೈಟ್, ಅಂದರೆ ಸುಮಾರು 300 ಕಿಲೋಬೈಟ್. ಬೆಳಿಗ್ಗೆ ಎದ್ದ ಕೂಡಲೇ ವಾಟ್ಸ್‌ಆ್ಯಪ್‌ನಲ್ಲಿ ಬರುವ ಶುಭೋದಯದ ಎರಡು-ಮೂರು ಚಿತ್ರಗಳಷ್ಟು! ಹತ್ತಾರು, ಕೆಲವೊಮ್ಮೆ ನೂರು ಮೆಗಾಬೈಟ್ ಮೀರುವ ರೆಜಿಸ್ಟ್ರಿಯಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ.

ಇದು ನಮ್ಮ ಊಹೆಯಲ್ಲ. ವಿಂಡೋಸ್‌ನ ಒಳರಚನೆಯ ಬಗ್ಗೆ ಪ್ರಮಾಣವೆನಿಸಿದ ಪುಸ್ತಕಗಳನ್ನು ಬರೆದಿರುವ, ಮುಂದೆ ಮೈಕ್ರೋಸಾಫ್ಟ್ ಸೇರಿದ ಮಾರ್ಕ್ ರುಸಿನೋವಿಚ್ 2005ರಲ್ಲೇ ಇದನ್ನು ವಿವರಿಸಿದ್ದರು. ರೆಜಿಸ್ಟ್ರಿಯಲ್ಲಿ ಕಸ ಉಳಿಯುವುದು ವಿಂಡೋಸ್ ಜೀವನದ ಭಾಗ, ಆದರೆ ಕೆಲವು ನೂರು ಕಿಲೋಬೈಟ್ ಕಸದಿಂದ ವೇಗದಲ್ಲಿ ಗಮನಕ್ಕೆ ಬರುವ ವ್ಯತ್ಯಾಸ ಆಗುವುದಿಲ್ಲ ಎಂಬುದು ಅವರ ಮಾತಿನ ಸಾರ.

ಮೈಕ್ರೋಸಾಫ್ಟ್‌ನ ಅಧಿಕೃತ ನಿಲುವು ಇನ್ನೂ ಖಡಕ್ಕಾಗಿದೆ. ರೆಜಿಸ್ಟ್ರಿ ಶುಚಿಗೊಳಿಸುವ ತಂತ್ರಾಂಶಗಳ ಬಳಕೆಯನ್ನು ಅದು ಬೆಂಬಲಿಸುವುದಿಲ್ಲ. ಅವುಗಳಿಂದಾದ ತೊಂದರೆ ವಿಂಡೋಸನ್ನು ಮತ್ತೆ ಹೊಸದಾಗಿ ಹಾಕದೆ ಸರಿಯಾಗುತ್ತದೆ ಎಂಬ ಭರವಸೆಯನ್ನೂ ಕೊಡುವುದಿಲ್ಲ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು?

ಪೂರ್ತಿ ಗಾಳಿಸುದ್ದಿಯಲ್ಲ. ವಿಂಡೋಸ್ 95, 98ರ ಕಾಲದಲ್ಲಿ ಕಂಪ್ಯೂಟರಿನ ರ‍್ಯಾಮ್ 16 ಅಥವಾ 32 ಮೆಗಾಬೈಟ್ ಇರುತ್ತಿತ್ತು. ರೆಜಿಸ್ಟ್ರಿ ಆಗಾಗ ಕೆಡುತ್ತಿತ್ತು. ವಿಂಡೋಸ್ 98 ಪ್ರತಿದಿನ ಶುರುವಾಗುವಾಗ ರೆಜಿಸ್ಟ್ರಿಯನ್ನು ತಪಾಸಣೆ ಮಾಡಿ ಕೊನೆಯ ಐದು ಪ್ರತಿಗಳನ್ನು ಇಟ್ಟುಕೊಳ್ಳುತ್ತಿದ್ದದ್ದು ಇದೇ ಕಾರಣಕ್ಕೆ. ವಿಂಡೋಸ್ 2000ದವರೆಗೆ ರೆಜಿಸ್ಟ್ರಿಯ ಗಾತ್ರಕ್ಕೆ ಮಿತಿಯೂ ಇತ್ತು, ಎಕ್ಸ್‌ಪಿಯಲ್ಲಿ ಅದನ್ನು ತೆಗೆದರು. ಆಗ ಮೈಕ್ರೋಸಾಫ್ಟೇ ರೆಜ್‌ಕ್ಲೀನ್ ಎಂಬ ಉಚಿತ ಸಾಧನ ಕೊಟ್ಟಿತ್ತು, ಆಮೇಲೆ ತಾನೇ ಹಿಂತೆಗೆದುಕೊಂಡಿತು. ಯಂತ್ರ ಬದಲಾಯಿತು, ವಿಂಡೋಸ್ ಬದಲಾಯಿತು, ಸಲಹೆ ಮಾತ್ರ ಬಾಯಿಂದ ಬಾಯಿಗೆ ಹಾಗೆಯೇ ಬಂತು.

ಕ್ಲೀನರ್ ಎಡವುವುದು ಎಲ್ಲಿ?

ಕ್ಲೀನರ್‌ಗೆ ಬುದ್ಧಿ ಇಲ್ಲ, ಒಂದು ನಿಯಮ ಇದೆ. ಸಾಲಿನಲ್ಲಿ ಬರೆದ ಕಡತ ಆ ಜಾಗದಲ್ಲಿ ಇದೆಯೇ ಎಂದು ನೋಡು, ಇಲ್ಲದಿದ್ದರೆ ಕಸ ಎಂದು ಗುರುತು ಹಾಕು. ಸಂಕ್ರಾಂತಿಗೋ ದಸರಾಕ್ಕೋ ಬೆಂಗಳೂರಿನ ಅರ್ಧ ಜನ ಊರಿಗೆ ಹೋಗಿರುತ್ತಾರೆ. ಆ ದಿನ ಬಂದು ಬಾಗಿಲು ತಟ್ಟಿ, ತೆರೆಯದ ಮನೆಗಳ ನಂಬರ್ ಪ್ಲೇಟನ್ನೆಲ್ಲ ಕಿತ್ತುಕೊಂಡು ಹೋದರೆ ಹೇಗೆ? ಕ್ಲೀನರ್‌ಗಳ ಹೆಚ್ಚಿನ ಎಡವಟ್ಟು ಇದೇ ಬಗೆಯದು.

ಡಿಟಿಪಿ ಅಂಗಡಿಯಲ್ಲಿ ಆಗಿದ್ದೂ ಇದೇ. ಸಾಮಾನ್ಯವಾಗಿ ಫಾಂಟ್ ಹಾಕಿಕೊಂಡಾಗ ಅದರ ಕಡತ ಸಿ ಡ್ರೈವಿನ ಫಾಂಟ್ಸ್ ಫೋಲ್ಡರಿಗೆ ನಕಲಾಗುತ್ತದೆ. ಆದರೆ ಜಾಗ ಉಳಿಸಲು, ಫಾಂಟನ್ನು ಬೇರೆ ಕಡೆಯೇ ಇಟ್ಟು ಶಾರ್ಟ್‌ಕಟ್ ಮೂಲಕ ಹಾಕಿಕೊಳ್ಳುವ ಸೌಲಭ್ಯವೂ ವಿಂಡೋಸ್‌ನಲ್ಲಿದೆ. ಅಂಗಡಿಯವರ ನೂರಾರು ಕನ್ನಡ ಫಾಂಟುಗಳು ಇದ್ದದ್ದು ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ. ಕ್ಲೀನ್ ಮಾಡುವಾಗ ಅದನ್ನು ಸಿಕ್ಕಿಸಿರಲಿಲ್ಲ. ಕ್ಲೀನರ್ ನೋಡಿತು, ಕಡತ ಕಾಣಲಿಲ್ಲ, ಫಾಂಟಿನ ಸಾಲುಗಳನ್ನೆಲ್ಲ ಅಳಿಸಿತು. ಆಮೇಲೆ ಹಾರ್ಡ್‌ಡಿಸ್ಕ್ ಸಿಕ್ಕಿಸಿದರೂ ವಿಂಡೋಸ್‌ಗೆ ಫಾಂಟುಗಳ ಗುರುತೇ ಇರಲಿಲ್ಲ.

ಅಕ್ಷರಗಳು ವಿಚಿತ್ರವಾಗಿ ಕಂಡದ್ದಕ್ಕೆ ಕಾರಣ ನಮ್ಮ ಹಳೆಯ ಕನ್ನಡ ಫಾಂಟುಗಳ ಸ್ವಭಾವ. ಯುನಿಕೋಡ್ ಬಳಕೆಗೆ ಬರುವ ಮುಂಚಿನ ಆಸ್ಕಿ ಫಾಂಟುಗಳಲ್ಲಿ ಕಡತದ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುವುದು ಫಾಂಟು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟಿನಲ್ಲಿ ಮಾಡಿದ ಕಡತವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆಲ್ಲ ಈ ಗೊಂಬೆಯಾಟ ಗೊತ್ತು. ಪಠ್ಯ ಹಾಳಾಗಿರುವುದಿಲ್ಲ, ಬಟ್ಟೆ ಕಳಚಿರುತ್ತದೆ ಅಷ್ಟೇ. ಫಾಂಟುಗಳನ್ನು ಮತ್ತೆ ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು.

ಇದೇ ಅಪಾಯ ಬೇರೆಯವರಿಗೂ ಇದೆ. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ, ಮಾಗಡಿ ರಸ್ತೆಯ ವರ್ಕ್‌ಶಾಪುಗಳಲ್ಲಿ ಯಂತ್ರಕ್ಕೆ ಜೋಡಿಸಿದ ಹಳೆಯ ಕಂಪ್ಯೂಟರ್ ಇದ್ದರೆ, ಅದರ ತಂತ್ರಾಂಶವನ್ನು ಮತ್ತೆ ಹಾಕಿಕೊಡುವವರೇ ಸಿಗದಿರಬಹುದು. ಲೆಕ್ಕ ಬರೆಯುವವರ ಕಚೇರಿಯಲ್ಲಿ ಜಿಎಸ್‌ಟಿ ರಿಟರ್ನ್‌ಗೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇರುತ್ತದೆ. ಅದರ ತಂತ್ರಾಂಶವೂ ತನ್ನ ಗುರುತನ್ನು ರೆಜಿಸ್ಟ್ರಿಯಲ್ಲೇ ಬರೆದಿರುತ್ತದೆ. ಕಡತಗಳು ಬೇರೊಂದು ಕಂಪ್ಯೂಟರಿನ ಹಂಚಿಕೊಂಡ ಡ್ರೈವಿನಲ್ಲಿದ್ದು, ಆ ಕಂಪ್ಯೂಟರ್ ಆಫ್ ಆಗಿದ್ದರೆ ಕ್ಲೀನರ್‌ಗೆ ಅದೂ ಬೀಗ ಹಾಕಿದ ಮನೆಯೇ.

ಇನ್ನೊಂದು ಸೂಕ್ಷ್ಮವಿದೆ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ತಂತ್ರಾಂಶ ಸಿಸ್ಟಂ ಫೋಲ್ಡರನ್ನು ತೆರೆಯಲು ಹೋದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಬೇರೊಂದು ಫೋಲ್ಡರಿಗೆ ಕಳಿಸುತ್ತದೆ. ಇದನ್ನು ಗಮನದಲ್ಲಿಟ್ಟು ಬರೆಯದ ಕ್ಲೀನರ್, ಇರುವ ಕಡತವನ್ನೂ 'ಇಲ್ಲ' ಎನ್ನುತ್ತದೆ.

"643 ದೋಷಗಳು ಪತ್ತೆಯಾಗಿವೆ!"

ಉಚಿತವಾಗಿ ಸ್ಕ್ಯಾನ್ ಮಾಡಿ, ಕೆಂಪು ಅಕ್ಷರದಲ್ಲಿ ದೊಡ್ಡ ಸಂಖ್ಯೆ ತೋರಿಸಿ, ಸರಿಪಡಿಸಲು ದುಡ್ಡು ಕೇಳುವುದು ಈ ಕ್ಷೇತ್ರದ ಹಳೆಯ ವ್ಯಾಪಾರ. ಆ ಸಂಖ್ಯೆ ರೋಗವಲ್ಲ. ನಿನ್ನೆ ತಾನೇ ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರಿನಲ್ಲೂ ಹಲವು 'ದೋಷ' ಸಿಗುತ್ತವೆ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್, 'ರೆಜಿಸ್ಟ್ರಿ ಕ್ಲೀನರ್ ಎಕ್ಸ್‌ಪಿ' ಎಂಬ ತಂತ್ರಾಂಶವನ್ನು ಸುಳ್ಳು ಎಚ್ಚರಿಕೆ ತೋರಿಸಿ 39.95 ಡಾಲರಿಗೆ ಮಾರುತ್ತಿದ್ದವರ ಮೇಲೆ ಮೊಕದ್ದಮೆ ಹೂಡಿದರು. 2019ರಲ್ಲಿ ಆಫೀಸ್ ಡಿಪೋ ಮತ್ತು ಸಪೋರ್ಟ್ ಡಾಟ್ ಕಾಮ್ ಕಂಪನಿಗಳು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಒಪ್ಪಂದದಲ್ಲಿ ಒಟ್ಟು 3.5 ಕೋಟಿ ಡಾಲರ್ ಕೊಟ್ಟವು. ಸ್ಕ್ಯಾನ್ ಆರಂಭದಲ್ಲಿ 'ಕಂಪ್ಯೂಟರ್ ನಿಧಾನವಾಗಿದೆಯೇ' ಎಂಬಂತಹ ನಾಲ್ಕು ಪ್ರಶ್ನೆಗಳಿರುತ್ತಿದ್ದವು. ಯಾವುದಾದರೂ ಒಂದಕ್ಕೆ ಗ್ರಾಹಕರು ಹೌದು ಎಂದರೆ ಸಾಕು, ಸ್ಕ್ಯಾನ್‌ನಲ್ಲಿ ಏನೇ ಸಿಗಲಿ ಬಿಡಲಿ, ಮಾಲ್‌ವೇರ್ ಇದೆ ಎಂದು ಫಲಿತಾಂಶ ಬರುತ್ತಿತ್ತು ಎಂಬುದು ಕಮಿಷನ್ನಿನ ಆರೋಪ.

ಹೆಸರುವಾಸಿ ತಂತ್ರಾಂಶವಾದರೆ ಭಯವಿಲ್ಲ ಎನ್ನುವಂತೆಯೂ ಇಲ್ಲ. 2017ರ ಆಗಸ್ಟ್ 15ರಿಂದ ಸೆಪ್ಟೆಂಬರ್ 12ರವರೆಗೆ ಸಿಕ್ಲೀನರ್‌ನ 5.33 ಆವೃತ್ತಿಯನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡವರಿಗೆ ದುರುದ್ದೇಶದ ಸಂಕೇತವೂ ಜೊತೆಗೆ ಬಂತು. ದಾಳಿಕೋರರು ಕಂಪನಿಯ ಒಳಗೇ ನುಗ್ಗಿ ತಂತ್ರಾಂಶ ತಯಾರಾಗುವ ಹಂತದಲ್ಲೇ ಅದನ್ನು ಸೇರಿಸಿದ್ದರು. ಸುಮಾರು 22.7 ಲಕ್ಷ ಕಂಪ್ಯೂಟರುಗಳಲ್ಲಿ ಆ ಆವೃತ್ತಿ ಇತ್ತು. ಕಂಪನಿ ತಕ್ಷಣ ಸರಿಪಡಿಸಿತು, ಅದು ಬೇರೆ ಮಾತು. ಆದರೆ ಇಡೀ ಕಂಪ್ಯೂಟರಿನ ಮೇಲೆ ಅಧಿಕಾರ ಕೇಳುವ ತಂತ್ರಾಂಶ ಒಂದು ಹೆಚ್ಚಾದಷ್ಟೂ ಕಳ್ಳರಿಗೆ ಬಾಗಿಲು ಒಂದು ಹೆಚ್ಚು.

ಫೋನ್ ಮಾಡಿ 'ನಾವು ಮೈಕ್ರೋಸಾಫ್ಟ್‌ನವರು, ನಿಮ್ಮ ರೆಜಿಸ್ಟ್ರಿಯಲ್ಲಿ ದೋಷ ಇದೆ' ಎನ್ನುವವರು ಇನ್ನೊಂದು ಜಾತಿ. ಎನಿಡೆಸ್ಕ್‌ನಂತಹ ದೂರದಿಂದ ನಡೆಸುವ ತಂತ್ರಾಂಶ ಹಾಕಿಸಿ, ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು, ಅಲ್ಲಿ ಎಲ್ಲರ ಕಂಪ್ಯೂಟರಿನಲ್ಲೂ ಇರುವ ಕೆಂಪು ಗುರುತುಗಳನ್ನೇ ವೈರಸ್ ಎಂದು ತೋರಿಸುತ್ತಾರೆ. ಮೈಕ್ರೋಸಾಫ್ಟ್ 2021ರಲ್ಲಿ 16 ದೇಶಗಳಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ಭಾರತದ ಶೇ 69ರಷ್ಟು ಜನ ಇಂತಹ ಟೆಕ್ ಸಪೋರ್ಟ್ ವಂಚನೆಯ ಯತ್ನವನ್ನು ಎದುರಿಸಿದ್ದಾಗಿ ಹೇಳಿದ್ದರು. 2023ರ ಅಕ್ಟೋಬರ್‌ನಲ್ಲಿ ಸಿಬಿಐ 'ಆಪರೇಷನ್ ಚಕ್ರ-2' ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳೂ ಅದರಲ್ಲಿ ಸೇರಿದ್ದವು. ನಿಮ್ಮ ಕಂಪ್ಯೂಟರಿನ ರೆಜಿಸ್ಟ್ರಿ ಹೇಗಿದೆ ಎಂದು ಹೇಳಲು ಮೈಕ್ರೋಸಾಫ್ಟ್ ನಿಮಗೆ ಫೋನ್ ಮಾಡುವುದಿಲ್ಲ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ನಿಮ್ಮ ವಿಭಾಗದ ಸೆನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಬಳಸಲೇಬೇಕೆಂದರೆ ಏನು ಮಾಡಬೇಕು?

ಇಷ್ಟೆಲ್ಲ ಹೇಳಿದ ಮೇಲೂ ಕೆಲವು ಸಂದರ್ಭಗಳಲ್ಲಿ ರೆಜಿಸ್ಟ್ರಿಯಲ್ಲಿ ಕೈಯಾಡಿಸಬೇಕಾಗುತ್ತದೆ. ಹಳೆಯ ಪ್ರಿಂಟರ್ ಡ್ರೈವರ್ ಅಥವಾ ಆ್ಯಂಟಿವೈರಸ್ ಪೂರ್ತಿ ಹೋಗದೆ, ಹೊಸದನ್ನು ಹಾಕಿಕೊಳ್ಳಲು ಹೋದರೆ 'ಈಗಾಗಲೇ ಇದೆ' ಎಂದು ಹಟ ಹಿಡಿಯುವುದು ಇದರಲ್ಲಿ ಸಾಮಾನ್ಯ. ಇಂತಹ ಕಡೆ ಮೊದಲು ಆ ತಂತ್ರಾಂಶದ ಕಂಪನಿಯೇ ಕೊಡುವ ತೆಗೆದುಹಾಕುವ ಸಾಧನ ಇದೆಯೇ ನೋಡಿ, ಬಹುತೇಕ ಆ್ಯಂಟಿವೈರಸ್ ಕಂಪನಿಗಳು ಕೊಡುತ್ತವೆ. ಹಾಕುವ-ತೆಗೆಯುವ ತೊಡಕುಗಳಿಗಾಗಿಯೇ ಮೈಕ್ರೋಸಾಫ್ಟ್‌ನ ಒಂದು ಟ್ರಬಲ್‌ಶೂಟರ್ ಕೂಡ ಇದೆ, ಅದು ಕೆಟ್ಟುಹೋದ ರೆಜಿಸ್ಟ್ರಿ ಕೀಗಳನ್ನೂ ಸರಿಪಡಿಸುತ್ತದೆ. ಇವೆರಡೂ ಆಗದಿದ್ದರೆ ಮಾತ್ರ ಕ್ಲೀನರ್.

ಮೊದಲು ನಿಮ್ಮ ಕಡತಗಳ ಪ್ರತಿ ತೆಗೆದಿಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಈ ಮೂರೂ ಸಿ ಡ್ರೈವಿನಲ್ಲೇ ಇರುತ್ತವೆ, ಫಾರ್ಮ್ಯಾಟ್ ಆದರೆ ಮೊದಲು ಹೋಗುವುದು ಅವೇ. ಡೆಸ್ಕ್‌ಟಾಪ್ ಮೇಲೆ ಕಾಣುತ್ತದೆ ಎಂದ ಮಾತ್ರಕ್ಕೆ ಅದು ಭದ್ರವಾಗಿದೆ ಎಂದಲ್ಲ. ಇದಕ್ಕೂ ರೆಜಿಸ್ಟ್ರಿಗೂ ಸಂಬಂಧವಿಲ್ಲ ಅನಿಸಬಹುದು. ಆದರೆ ನಾವು ಕಂಡ ನಷ್ಟ ಆದದ್ದು ಇಲ್ಲೇ.

ಆಮೇಲೆ ರಿಸ್ಟೋರ್ ಪಾಯಿಂಟ್. ವಿಂಡೋಸ್ ತನ್ನ ರೆಜಿಸ್ಟ್ರಿಯ ಪ್ರತಿಯನ್ನು ತಾನೇ ಇಟ್ಟುಕೊಂಡಿರುತ್ತದೆ ಎಂದು ಹಳಬರು ಹೇಳುತ್ತಾರೆ. ಹಿಂದೆ ಅದು ನಿಜವಿತ್ತು, ವಿಂಡೋಸ್ 10ರ 1803ನೇ ಆವೃತ್ತಿಯಿಂದ ಆ ತನ್ನಿಂತಾನೆ ಆಗುವ ಪ್ರತಿ ನಿಂತಿದೆ. ಫೋಲ್ಡರ್ ಇದೆ, ಒಳಗಿನ ಕಡತಗಳು ಸೊನ್ನೆ ಬೈಟ್! ಹಾಗಾಗಿ ನೀವೇ ಮಾಡಬೇಕು. ಸ್ಟಾರ್ಟ್ ಮೆನುವಿನಲ್ಲಿ ರಿಸ್ಟೋರ್ ಪಾಯಿಂಟ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಸಿಸ್ಟಂ ಪ್ರೊಟೆಕ್ಷನ್ ಕಿಟಕಿ ತೆರೆಯುತ್ತದೆ. ಸಿ ಡ್ರೈವಿನ ಎದುರು 'ಆಫ್' ಎಂದಿದ್ದರೆ (ಬಹಳಷ್ಟು ಕಂಪ್ಯೂಟರುಗಳಲ್ಲಿ ಹಾಗೇ ಇರುತ್ತದೆ) ಕಾನ್ಫಿಗರ್ ಒತ್ತಿ ಆನ್ ಮಾಡಿ, ಆಮೇಲೆ ಕ್ರಿಯೇಟ್ ಒತ್ತಿ ದಿನಾಂಕದ ಹೆಸರು ಕೊಡಿ. ಎರಡು ನಿಮಿಷದ ಕೆಲಸ.

ಕ್ಲೀನರನ್ನು ಅದರ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಗೆಳೆಯರ ಪೆನ್‌ಡ್ರೈವಿನ 'ಕ್ರ್ಯಾಕ್ ಮಾಡಿದ ಪ್ರೊ ವರ್ಷನ್' ಬೇಡವೇ ಬೇಡ, ಕಸ ಗುಡಿಸಲು ಕಳ್ಳನನ್ನು ಕರೆದಂತೆ. ಹಾಕಿಕೊಳ್ಳುವಾಗ ಜೊತೆಗೆ ಬರುವ ಟೂಲ್‌ಬಾರ್, ಬ್ರೌಸರ್ ಮುಂತಾದವುಗಳ ಮುಂದಿನ ಟಿಕ್ ತೆಗೆಯಿರಿ. ತನ್ನಿಂತಾನೆ ಕ್ಲೀನ್ ಮಾಡುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ.

ಸ್ಕ್ಯಾನ್ ಒತ್ತುವ ಮೊದಲು ಊರಿಗೆ ಹೋದವರನ್ನೆಲ್ಲ ಮನೆಗೆ ಕರೆಸಿ. ಎಂದರೆ ಹೊರಗಿನ ಹಾರ್ಡ್‌ಡಿಸ್ಕ್, ಪೆನ್‌ಡ್ರೈವ್, ಡಿಜಿಟಲ್ ಸಹಿಯ ಟೋಕನ್, ತಂತ್ರಾಂಶದ ಡಾಂಗಲ್, ಪ್ರಿಂಟರ್, ಸ್ಕ್ಯಾನರ್ ಎಲ್ಲ ಸಿಕ್ಕಿಸಿ ಆನ್ ಮಾಡಿ. ಹಂಚಿಕೊಂಡ ಡ್ರೈವ್ ಇದ್ದರೆ ಆ ಕಂಪ್ಯೂಟರನ್ನೂ ಆನ್ ಮಾಡಿಸಿ. ಕ್ಲೀನರ್ ಬಳಸಬೇಕೆನ್ನುವವರಿಗೆ ನಾವು ಹೇಳುವ ಒಂದೇ ಒಂದು ಮಾತು ಆಯ್ದುಕೊಳ್ಳಬೇಕಾದರೆ ಇದನ್ನೇ ಆಯ್ದುಕೊಳ್ಳುತ್ತೇವೆ.

ಸ್ಕ್ಯಾನ್‌ನಲ್ಲಿ ಹಲವು ವರ್ಗಗಳಿರುತ್ತವೆ. ಫಾಂಟ್ಸ್, ಶೇರ್ಡ್ ಡಿಎಲ್‌ಎಲ್, ಆ್ಯಕ್ಟಿವ್‌ಎಕ್ಸ್ ಮತ್ತು ಕ್ಲಾಸ್, ಟೈಪ್ ಲೈಬ್ರರಿ, ಇನ್‌ಸ್ಟಾಲರ್ ಇವುಗಳ ಟಿಕ್ ತೆಗೆದುಬಿಡಿ. ಸಿಗುವ ಲಾಭ ಸೊನ್ನೆ, ಕೆಡುವ ಸಾಧ್ಯತೆ ಹೆಚ್ಚು. ನಿಮಗೆ ತೊಂದರೆ ಕೊಡುತ್ತಿರುವ ತಂತ್ರಾಂಶದ ಹೆಸರಿರುವ ಸಾಲುಗಳನ್ನಷ್ಟೇ ಆರಿಸಿ. 'ಎಲ್ಲವನ್ನೂ ಸರಿಪಡಿಸು' ಎಂಬ ದೊಡ್ಡ ಗುಂಡಿ ಇರುವುದು ನಮ್ಮ ಸೋಮಾರಿತನವನ್ನು ನಂಬಿಕೊಂಡು. ಅರ್ಥವಾಗದ ಸಾಲನ್ನು ಮುಟ್ಟಬೇಡಿ. ಅಳಿಸುವ ಮುನ್ನ ಒಳ್ಳೆಯ ಕ್ಲೀನರ್ 'ಬ್ಯಾಕಪ್ ಬೇಕೇ' ಎಂದು ಕೇಳುತ್ತದೆ. ಹೌದು ಎನ್ನಿ, ಆ ಕಡತವನ್ನು ಎಲ್ಲಿಟ್ಟಿರಿ ಎಂದು ನೆನಪಿಡಿ. ಕೇಳದೇ ಇರುವ ಕ್ಲೀನರ್ ಆದರೆ ಅಲ್ಲಿಗೇ ನಿಲ್ಲಿಸಿ.

ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ ನೀವು ದಿನವೂ ಬಳಸುವ ಎಲ್ಲ ತಂತ್ರಾಂಶವನ್ನೂ ಒಮ್ಮೆ ತೆರೆದು ನೋಡಿ. ಕನ್ನಡ ಟೈಪ್ ಮಾಡಿ, ಒಂದು ಪ್ರಿಂಟ್ ತೆಗೆಯಿರಿ, ಟೋಕನ್ ಸಿಕ್ಕಿಸಿ ನೋಡಿ. ತಿಂಗಳ ಕೊನೆಗೊಮ್ಮೆ ಮಾತ್ರ ಬಳಸುವ ತಂತ್ರಾಂಶ ಇರಬಹುದು, ಅದಕ್ಕೇ ಬ್ಯಾಕಪ್ ಕಡತವನ್ನು ಒಂದೆರಡು ತಿಂಗಳಾದರೂ ಇಟ್ಟುಕೊಳ್ಳಿ. ಜಿಎಸ್‌ಟಿ ಕೊನೆಯ ದಿನ ಅಥವಾ ಪರೀಕ್ಷೆಯ ಹಿಂದಿನ ರಾತ್ರಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಎಡವಟ್ಟಾದರೆ?

ಗಾಬರಿಯಾಗಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ. ವಿಂಡೋಸ್ ಓಡುತ್ತಿದ್ದರೆ ಬ್ಯಾಕಪ್ ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿ ಒಪ್ಪಿಗೆ ಕೊಡಿ, ಅಳಿಸಿದ ಸಾಲುಗಳು ಮರಳುತ್ತವೆ. ಅದರಿಂದ ಆಗದಿದ್ದರೆ ರಿಸ್ಟೋರ್ ಪಾಯಿಂಟ್‌ಗೆ ಹಿಂತಿರುಗಿ. ಇದು ನಿಮ್ಮ ಫೋಟೊ, ಕಡತಗಳನ್ನು ಮುಟ್ಟುವುದಿಲ್ಲ, ಆ ದಿನದ ನಂತರ ಹಾಕಿಕೊಂಡ ತಂತ್ರಾಂಶಗಳು ಮಾತ್ರ ಹೋಗುತ್ತವೆ.

ವಿಂಡೋಸ್ ತೆರೆಯದೇ ಇದ್ದರೂ ದಾರಿಯಿದೆ. ಆರಂಭವಾಗುವಾಗ ಕೆಲವು ಸಲ ವಿಫಲವಾದ ಮೇಲೆ ರಿಕವರಿ ಪರದೆ ತಾನಾಗಿ ಬರುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸಿಸ್ಟಂ ರಿಸ್ಟೋರ್ ಎಂದು ಹೋಗಬಹುದು. ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಹಂತದಲ್ಲಿ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಎಲ್ಲಿದೆ ಎಂದು ಕಂಪ್ಯೂಟರ್ ಸರಿಯಾಗಿರುವಾಗಲೇ ನೋಡಿ ಬರೆದಿಟ್ಟುಕೊಳ್ಳಿ. ಯಾರನ್ನಾದರೂ ಕರೆಸಿದರೂ 'ಮೊದಲು ಡೇಟಾ ಕಾಪಿ ಮಾಡಿ, ಆಮೇಲೆ ಉಳಿದದ್ದು' ಎಂದು ಹೇಳಿ. ವಿಂಡೋಸ್ ತೆರೆಯದಿದ್ದರೂ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಕಡತ ತೆಗೆಯುವುದು ಹೆಚ್ಚಿನ ಸಲ ಸಾಧ್ಯ. ಬಿಟ್‌ಲಾಕರ್ ಇದ್ದರೆ ಅದಕ್ಕೂ ಅದೇ ಕೀ ಬೇಕು.

ಮತ್ತೆ ಕಂಪ್ಯೂಟರ್ ನಿಧಾನವಾಗುವುದೇಕೆ?

ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಹೆಚ್ಚಿನ ಉತ್ತರ ಅಲ್ಲೇ ಇದೆ. ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ ಹತ್ತಾರು ತಂತ್ರಾಂಶ ಇದ್ದರೆ ಡಿಸೇಬಲ್ ಮಾಡಿ, ಇದರಲ್ಲಿ ಏನೂ ಅಳಿಯುವುದಿಲ್ಲ. ಮೆಮೊರಿ ಯಾವಾಗಲೂ ಶೇ 90ರ ಮೇಲಿದ್ದರೆ ರ‍್ಯಾಮ್ ಸಾಲದು. ಡಿಸ್ಕ್ ಸದಾ ಶೇ 100 ತೋರಿಸುತ್ತಿದ್ದರೆ ಹಳೆಯ ಹಾರ್ಡ್‌ಡಿಸ್ಕೇ ಅಡ್ಡಿ. ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕ್ ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಸೆಕೆಂಡಿಗೆ ನೂರು ಸಲದ ಆಸುಪಾಸಿನಲ್ಲಿ ಓದಬಲ್ಲದು, ಸಾಧಾರಣ ಎಸ್‌ಎಸ್‌ಡಿ ಹತ್ತಾರು ಸಾವಿರ ಸಲ. ಸಿ ಡ್ರೈವ್ ಭರ್ತಿಯಾಗಿದ್ದರೆ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ತಾತ್ಕಾಲಿಕ ಕಡತಗಳನ್ನು ತೆಗೆಯಿರಿ. ಫ್ಯಾನಿನ ಧೂಳನ್ನೂ ಮರೆಯಬೇಡಿ, ಬಿಸಿಯಾದ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಇನ್ನೂ ವಿಂಡೋಸ್ 7ರಲ್ಲಿ ಇರುವವರಿಗೆ 2020ರ ಜನವರಿ 14ರಿಂದ, ವಿಂಡೋಸ್ 10ರವರಿಗೆ 2025ರ ಅಕ್ಟೋಬರ್ 14ರಿಂದ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿದೆ. ರೆಜಿಸ್ಟ್ರಿಗಿಂತ ಅದು ದೊಡ್ಡ ಚಿಂತೆ.

ಬಸವೇಶ್ವರನಗರದ ಆ ಕಂಪ್ಯೂಟರ್ ಫಾರ್ಮ್ಯಾಟ್ ಆದ ಮೇಲೂ ನಿಧಾನವಾಗಿಯೇ ಇತ್ತು. 4 ಜಿಬಿ ರ‍್ಯಾಮ್, ಹತ್ತು ವರ್ಷ ಹಳೆಯ ಹಾರ್ಡ್‌ಡಿಸ್ಕ್. ಮಾಲೀಕರು ರಾಜಾಜಿನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು, ಎಸ್‌.ಪಿ. ರೋಡಿನಿಂದ ಒಂದು ಎಸ್‌ಎಸ್‌ಡಿ ತಂದು ಹಾಕಿಸಿದರು. ಈಗ ಫಾಂಟುಗಳು ಸಿ ಡ್ರೈವಿನಲ್ಲೇ ಇವೆ. ಹಳೆಯ ಹಾರ್ಡ್‌ಡಿಸ್ಕನ್ನು ಎಸೆಯದೆ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದಾರೆ. ಫಾರ್ಮ್ಯಾಟ್ ಆದ ತಟ್ಟೆಯ ಡಿಸ್ಕಿನ ಮೇಲೆ ಹೊಸದಾಗಿ ಏನೂ ಬರೆಯದಿದ್ದರೆ ಹಳೆಯ ಕಡತಗಳಲ್ಲಿ ಕೆಲವಾದರೂ ಸಿಗುವ ಸಾಧ್ಯತೆ ಇರುತ್ತದೆ ಎಂದು ನಾವು ಹೇಳಿದ್ದೆವು. ಫಾರ್ಮ್ಯಾಟ್ ಆದ ಮೇಲೂ ಅದರ ಮೇಲೆ ಎರಡು ವಾರ ಕೆಲಸ ಮಾಡಿದ್ದರಿಂದ ಎಲ್ಲವೂ ಸಿಗಲಿಕ್ಕಿಲ್ಲ. ಮುಂದಿನ ವಾರ ಅದನ್ನು ಡೇಟಾ ರಿಕವರಿಯವರಿಗೆ ಕೊಡುತ್ತಾರಂತೆ.